ಬಸಳೆ ಬೇಕಿದ್ದರೆ ‘ಪುಯಿ ಶಾಕ್’ ಅಂತ ಕೇಳಿ: ಕ್ವೀನ್ಸ್‌ನ ವಲಸಿಗರ ಅಂಗಡಿಗಳಲ್ಲಿ ಸಂತೆ ಮಾಡುವ ಬಗೆ

ನ್ಯೂಯಾರ್ಕಿಗೆ ಬಂದ ಮೊದಲ ವರ್ಷ ನಾನು ಬಸಳೆ ಸೊಪ್ಪಿಗಾಗಿ ಮೂರು ತಿಂಗಳು ಅಲೆದಿದ್ದೆ. ಮನೆ ಹತ್ತಿರದ ಸೂಪರ್‌ಮಾರ್ಕೆಟ್‌ನಲ್ಲಿ ಪಾಲಕ್ ಇತ್ತು, ಕೇಲ್ ಇತ್ತು, ಹೆಸರೇ ಗೊತ್ತಿಲ್ಲದ ಹತ್ತು ಬಗೆಯ ಸೊಪ್ಪು ಇತ್ತು. ಬಸಳೆ ಮಾತ್ರ ಇಲ್ಲ. ‘ಮಲಬಾರ್ ಸ್ಪಿನಾಚ್ ಇದೆಯಾ?’ ಅಂತ ಕಂಡ ಕಂಡ ಅಂಗಡಿಯಲ್ಲಿ ಕೇಳಿದೆ. ಯಾರಿಗೂ ಅರ್ಥವಾಗಲಿಲ್ಲ.

ಜೂನ್ ತಿಂಗಳ ಒಂದು ಸಂಜೆ ಜಾಕ್ಸನ್ ಹೈಟ್ಸ್‌ನ 73ನೇ ಬೀದಿಯಲ್ಲಿ ಹೋಗುತ್ತಿದ್ದೆ. ಒಂದು ಬಾಂಗ್ಲಾದೇಶಿ ಅಂಗಡಿಯ ಮುಂದೆ, ಹಾಲಿನ ಕ್ರೇಟ್ ಬೋರಲು ಹಾಕಿ ಅದರ ಮೇಲೆ ರಟ್ಟಿನ ಪೆಟ್ಟಿಗೆ ಇಟ್ಟಿದ್ದರು. ಪೆಟ್ಟಿಗೆ ತುಂಬ ಕೆಂಪು ದಂಟು, ದಪ್ಪ ಎಲೆ, ಎಲೆಯ ಮೇಲೆ ಆಗಷ್ಟೇ ಚಿಮುಕಿಸಿದ ನೀರು. ಒಂದು ಎಲೆ ಮುರಿದೆ. ಬೆರಳಿಗೆ ಲೋಳೆ ಅಂಟಿತು. ಬಸಳೆಯೇ! ಅಂಗಡಿಯಾತ ನನ್ನ ಮುಖ ನೋಡಿ, ‘ಪುಯಿ ಶಾಕ್, ಆಪಾ, ಇವತ್ತೇ ಬಂದದ್ದು’ ಅಂದ. ‘ಆಪಾ’ ಅಂದರೆ ಅಕ್ಕಾ. ಆ ಮೂರು ತಿಂಗಳೂ ಬಸಳೆ ನನ್ನ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲೇ ಇತ್ತು. ನನಗೆ ಅದರ ಹೆಸರು ಗೊತ್ತಿರಲಿಲ್ಲ, ಅಷ್ಟೇ.

ಹೊಸದಾಗಿ ಇಲ್ಲಿಗೆ ಬರುವ ಕನ್ನಡಿಗರಿಗೆ ಈ ಅಲೆದಾಟ ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಹೇಳುವ ಬೀದಿಗಳೆಲ್ಲ ನ್ಯೂಯಾರ್ಕಿನ ಕ್ವೀನ್ಸ್ ಭಾಗದವು. ನೀವು ಟೊರಾಂಟೊದಲ್ಲೋ ಲಂಡನ್ನಿನಲ್ಲೋ ಇದ್ದರೆ ಬೀದಿಯ ಹೆಸರು ಬದಲಾಗುತ್ತದೆ, ಕ್ರಮ ಹೆಚ್ಚುಕಡಿಮೆ ಇದೇ.

ಮೊದಲು: ಒಂದು ಶನಿವಾರ ಸುಮ್ನೆ ನಡೆಯಿರಿ

ಮೊದಲ ದಿನವೇ ಏನೂ ಕೊಳ್ಳಬೇಡಿ. 7ನೇ ನಂಬರಿನ ರೈಲು ಹತ್ತಿ 74ನೇ ಬೀದಿಯಲ್ಲಿ ಇಳಿಯಿರಿ. ಇ, ಎಫ್, ಆರ್ ರೈಲುಗಳೂ ಅಲ್ಲೇ ನಿಲ್ಲುತ್ತವೆ. ಮೆಟ್ಟಿಲಿಳಿದು ಹೊರಗೆ ಬಂದರೆ 74ನೇ ಬೀದಿ. ಅಲ್ಲಿ ಭಾರತೀಯ ಅಂಗಡಿಗಳು, ಚಿನ್ನದ ಅಂಗಡಿಗಳು, ಸೀರೆ ಅಂಗಡಿಗಳು. ಪಕ್ಕದ 73ನೇ ಬೀದಿ ಬಾಂಗ್ಲಾದೇಶಿಗಳದು. 2023ರಲ್ಲಿ ಆ ಬೀದಿಗೆ ‘ಬಾಂಗ್ಲಾದೇಶ್ ಸ್ಟ್ರೀಟ್’ ಅಂತ ಎರಡನೇ ಹೆಸರೂ ಬಂತು. ಸುತ್ತಮುತ್ತ ನೇಪಾಳಿ, ಟಿಬೆಟಿಯನ್ ಅಂಗಡಿಗಳಿವೆ. ರೈಲು ಹಳಿಯ ಕೆಳಗೆ ಸಾಗುವ ರೂಸ್‌ವೆಲ್ಟ್ ಅವೆನ್ಯೂದಲ್ಲಿ ಕೊಲಂಬಿಯಾ, ಎಕ್ವಡಾರ್, ಮೆಕ್ಸಿಕೋ ಜನರ ಅಂಗಡಿಗಳು. ಎಲ್ಮ್‌ಹರ್ಸ್ಟ್ ಕಡೆ ನಡೆದರೆ ಥಾಯ್ ಮತ್ತು ಚೀನೀ ಅಂಗಡಿಗಳು ಸಿಗುತ್ತವೆ. ಅದೇ 7ನೇ ರೈಲಿನ ಕೊನೆಯ ನಿಲ್ದಾಣ ಫ್ಲಶಿಂಗ್. ಅಲ್ಲಿ ಇಳಿದರೆ ಇಡೀ ಪೇಟೆಯೇ ಚೀನೀ, ಕೊರಿಯನ್.

ಇಷ್ಟೆಲ್ಲ ಒಂದೇ ಕಡೆ ಹೇಗೆ ಸೇರಿತು ಅಂದರೆ, 1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನು ಬದಲಾಯಿಸಿತು. ಅದಕ್ಕೂ ಮುಂಚೆ ಏಷ್ಯಾದವರು ಇಲ್ಲಿಗೆ ಬಂದು ನೆಲೆಸುವುದು ಬಹಳ ಕಷ್ಟವಿತ್ತು. ಆಮೇಲೆ ಬಂದವರಿಗೆ ಬೇಳೆ ಬೇಕಾಯಿತು, ಅಕ್ಕಿ ಬೇಕಾಯಿತು. ಅಮೆರಿಕದ ತುಂಬ ಈಗ ಕಾಣುವ ಪಟೇಲ್ ಬ್ರದರ್ಸ್ ಶುರುವಾದದ್ದು 1974ರಲ್ಲಿ, ಶಿಕಾಗೋದ ಡೆವನ್ ಅವೆನ್ಯೂದ ಒಂದು ಪುಟ್ಟ ಮಳಿಗೆಯಲ್ಲಿ. ಕೊರಿಯನ್ನರ ಎಚ್ ಮಾರ್ಟ್ ಶುರುವಾದದ್ದು 1982ರಲ್ಲಿ, ಇಲ್ಲೇ ಕ್ವೀನ್ಸ್‌ನ ವುಡ್‌ಸೈಡ್‌ನಲ್ಲಿ. ಅದರ ಪೂರ್ತಿ ಹೆಸರು ‘ಹಾನ್ ಆ ರೂಮ್’. ಅಂದರೆ ಒಂದು ತೆಕ್ಕೆ ತುಂಬ ಸಾಮಾನು. ಒಳ್ಳೆಯ ಹೆಸರು, ಅಲ್ವಾ?

ನಡೆಯುವಾಗ ಎರಡು ವಿಷಯ ಗಮನಿಸಿ. ಯಾವ ಅಂಗಡಿಯ ಸೊಪ್ಪು ಬಾಡಿಲ್ಲ, ಮತ್ತು ಎಲ್ಲಿ ವಯಸ್ಸಾದವರು ಜಾಸ್ತಿ ನಿಂತಿದ್ದಾರೆ. ನಲವತ್ತು ವರ್ಷ ಮನೆ ನಡೆಸಿದ ಹೆಂಗಸು ಬೆಂಡೆಕಾಯಿಯ ತುದಿ ಮುರಿದು ನೋಡುತ್ತಿರುವ ಅಂಗಡಿ ಒಳ್ಳೆಯದೇ ಇರುತ್ತದೆ. ನಾನು ಹೋದಲ್ಲೆಲ್ಲ ಇದನ್ನೇ ನೋಡುತ್ತೇನೆ.

ಎರಡನೆಯದು: ಹೆಸರು ಕಲಿಯಿರಿ

ಇದೇ ಮುಖ್ಯ, ಇದಕ್ಕೇ ಹೆಚ್ಚು ಹೊತ್ತು ಕೊಡಿ. ನಮ್ಮ ತರಕಾರಿಗಳಲ್ಲಿ ಮುಕ್ಕಾಲು ಪಾಲು ಇಲ್ಲಿ ಇವೆ, ಬೇರೆ ಹೆಸರು ಹೊತ್ತು ಕೂತಿವೆ.

ಭಾರತೀಯ ಅಂಗಡಿಗಳಲ್ಲಿ ಗುಜರಾತಿಗಳದ್ದೇ ಜಾಸ್ತಿ. ಹಾಗಾಗಿ ಚೀಟಿಯ ಮೇಲಿನ ಹೆಸರೂ ಗುಜರಾತಿಯಲ್ಲೋ ಹಿಂದಿಯಲ್ಲೋ ಇರುತ್ತದೆ. ತೊಗರಿಬೇಳೆ ‘ತುವರ್’, ಮಂಡಕ್ಕಿ ‘ಮಮ್ರಾ’, ಅವಲಕ್ಕಿ ‘ಪೌವಾ’, ಸೋರೆಕಾಯಿ ‘ದೂಧಿ’, ತೊಂಡೆಕಾಯಿ ‘ಟಿಂಡೋರಾ’, ಗೋರಿಕಾಯಿ ‘ಗುವಾರ್’, ಸಬ್ಬಸಿಗೆ ‘ಸುವಾ’. ಸಬ್ಬಸಿಗೆಗೆ ಅಲ್ಲಿಯವರೆಗೂ ಹೋಗಬೇಕಿಲ್ಲ. ಯಾವ ಅಮೆರಿಕನ್ ಅಂಗಡಿಯಲ್ಲೂ ‘ಡಿಲ್’ ಅಂತ ಸಿಗುತ್ತದೆ, ಆದರೆ ಕಟ್ಟು ಚಿಕ್ಕದು, ಬೆಲೆ ದೊಡ್ಡದು. ಫ್ರೀಜರ್‌ನಲ್ಲಿ ‘ಪಾಪ್ಡಿ ಲಿಲ್ವಾ’ ಎಂಬ ಪೊಟ್ಟಣ ಹುಡುಕಿ. ಅದೇ ಅವರೆಕಾಳು. ನೀರಲ್ಲಿ ನೆನೆಸಿ ಹಿಚುಕಿದರೆ ಹಿತಕಿದ ಬೇಳೆ ಸಾರಿಗೂ ಆಗುತ್ತದೆ. ಸೊಗಡು ಇರುವುದಿಲ್ಲ, ನಿಜ. ಜನವರಿ ತಿಂಗಳಲ್ಲಿ ಹೊರಗೆ ಹಿಮ ಬೀಳುತ್ತಿರುವಾಗ ಅಷ್ಟು ಸಿಕ್ಕಿದ್ದೇ ದೊಡ್ಡದು. ‘ಪಾತ್ರಾ’ ಅಂತ ಸುರುಳಿ ಸುತ್ತಿಟ್ಟ ಎಲೆ ಕಂಡರೆ ಬಿಡಬೇಡಿ, ಅದು ಕೆಸುವಿನೆಲೆ. ಪತ್ರೊಡೆ ಮಾಡಬಹುದು. ಹುಳಿ ಸ್ವಲ್ಪ ಜಾಸ್ತಿಯೇ ಹಾಕಿ, ಇಲ್ಲದಿದ್ದರೆ ಗಂಟಲು ಕೆರೆತ.

ಬಾಂಗ್ಲಾದೇಶಿ ಅಂಗಡಿ ನನಗೆ ಎಲ್ಲಕ್ಕಿಂತ ಇಷ್ಟ. ನಮ್ಮ ಕರಾವಳಿ, ಮಲೆನಾಡಿನ ಅಡುಗೆಗೆ ಬೇಕಾದದ್ದು ಅಲ್ಲೇ ಇದೆ. ಅವರದ್ದೂ ಮಳೆಯ ಸೀಮೆ, ಅನ್ನ ಮೀನಿನ ಊಟ. ಬಸಳೆ ಆಯಿತು. ಕೆಂಪು ಹರಿವೆ ಅವರಿಗೆ ‘ಲಾಲ್ ಶಾಕ್’. ದಂಟಿನ ಸೊಪ್ಪಿಗೆ ‘ಡಾಂಟಾ’ ಅನ್ನುತ್ತಾರೆ. ನೀವು ‘ದಂಟು’ ಅಂದರೂ ಅವರಿಗೆ ತಿಳಿದೀತು! ನುಗ್ಗೆ ‘ಸಜ್ನಾ’, ಕೆಸು ‘ಕೊಚು’, ಚಪ್ಪರದವರೆ ‘ಶಿಮ್’, ಬೂದುಗುಂಬಳ ‘ಚಾಲ್ ಕುಮ್ರಾ’, ಮಂಡಕ್ಕಿ ‘ಮುರಿ’. ಫ್ರೀಜರ್‌ನ ತಳದಲ್ಲಿ ‘ಕಾಠಾಲ್ ಬಿಚಿ’ ಎಂಬ ಪೊಟ್ಟಣ ಇರುತ್ತದೆ. ಹಲಸಿನ ಬೀಜ, ಸಿಪ್ಪೆ ಸುಲಿದು ಶುಚಿ ಮಾಡಿದ್ದು. ಮೊದಲ ಸಲ ಅದನ್ನು ಕೈಯಲ್ಲಿ ಹಿಡಿದಾಗ ನನಗೆ ಅಜ್ಜಿ ಒಲೆಯ ಬೂದಿಯಲ್ಲಿ ಹೂತಿಟ್ಟು ಸುಡುತ್ತಿದ್ದದ್ದು ನೆನಪಾಗಿ ಅಲ್ಲೇ ನಿಂತುಬಿಟ್ಟಿದ್ದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ವೀಳ್ಯದೆಲೆಯೂ ಈ ಬೀದಿಯಲ್ಲೇ. ಪಾನ್ ಮಾರುವವರ ಹತ್ತಿರ ‘ಸಾದಾ ಎಲೆ, ಇಡೀ ಎಲೆ’ ಅಂತ ಬಿಡಿಸಿ ಹೇಳಿ, ಇಲ್ಲದಿದ್ದರೆ ಸುಣ್ಣ ಹಚ್ಚಿ ಮಡಚಿ ಕೊಟ್ಟಾರು.

ಲ್ಯಾಟಿನ್ ಅಂಗಡಿಗೆ ಹೋದರೆ ‘ಚಯೋಟೆ’ ಕೇಳಿ. ಅದೇ ಸೀಮೆಬದನೆಕಾಯಿ. ಪರದೇಶದಿಂದ ಬಂದದ್ದು ಅಂತ ನಾವು ‘ಸೀಮೆ’ ಸೇರಿಸಿದ ಕಾಯಿ. ಅದರ ತವರು ಮೆಕ್ಸಿಕೋ ಕಡೆಯೇ. ‘ಪನೇಲಾ’ ಅನ್ನುವುದು ಕಬ್ಬಿನ ಬೆಲ್ಲದ ಅಚ್ಚು, ಪಾಯಸಕ್ಕೂ ಹೋಳಿಗೆಗೂ ಚೆನ್ನಾಗಿ ಹೊಂದುತ್ತದೆ. ಬ್ಯಾಡಗಿ ಮುಗಿದ ದಿನ ‘ಗ್ವಾಹಿಯೋ’ ಎಂಬ ಒಣ ಮೆಣಸಿನಕಾಯಿ ತನ್ನಿ. ಬಣ್ಣ ಬರುತ್ತದೆ, ಖಾರ ಕಡಿಮೆ. ಬೀಜ ತೆಗೆದು ಹುರಿಯಿರಿ. ಬಾಳೆ ಎಲೆ ಇಲ್ಲಿ ಫ್ರೀಜರ್‌ನಲ್ಲಿ ಮಡಚಿ ಇಟ್ಟಿರುತ್ತಾರೆ. ಹೊರಗಿಟ್ಟು ಕರಗಿಸಿ, ಒಲೆಯ ಉರಿಗೆ ಒಮ್ಮೆ ಬಾಡಿಸಿದರೆ ಸೀಳುವುದಿಲ್ಲ. ಯುಗಾದಿ ಊಟಕ್ಕೆ ಧಾರಾಳ ಸಾಕು.

ಚೀನೀ ಅಂಗಡಿಯಲ್ಲಿ ಬೂದುಗುಂಬಳ ‘ಡಾಂಗ್ ಗುವಾ’. ಇಡೀ ಕಾಯಿ ಕೊಳ್ಳಬೇಕಿಲ್ಲ, ಹೋಳು ಕತ್ತರಿಸಿ ಪ್ಲಾಸ್ಟಿಕ್ ಸುತ್ತಿ ಇಟ್ಟಿರುತ್ತಾರೆ. ಇಬ್ಬರಿಗೆ ಮಜ್ಜಿಗೆಹುಳಿ ಮಾಡಲು ಒಂದು ಹೋಳು ಸಾಕು. ಅವರ ಹಾಗಲಕಾಯಿ ತಿಳಿ ಹಸಿರು, ನುಣುಪು, ಕಹಿ ಕಡಿಮೆ. ಗೊಜ್ಜಿಗೆ ನಮ್ಮ ಮುಳ್ಳು ಹಾಗಲವೇ ಬೇಕು ಅನ್ನುವುದು ನನ್ನ ಅಭಿಪ್ರಾಯ. ಕೊರಿಯನ್ ಅಂಗಡಿಯ ಗೆಣಸು ತುಂಬ ಸಿಹಿ. ಆದರೆ ಅಲ್ಲಿನ ಎಳ್ಳೆಣ್ಣೆ ನೋಡಿ ಮೋಸ ಹೋಗಬೇಡಿ. ಅದು ಹುರಿದ ಎಳ್ಳಿನದು, ಪರಿಮಳವೇ ಬೇರೆ. ಅದರಲ್ಲಿ ಒಗ್ಗರಣೆ ಹಾಕಿದರೆ ಸಾರು ಕೆಡುತ್ತದೆ.

ಇನ್ನೊಂದು ಕಡೆ ಹೋಗಲೇಬೇಕು. ಎ ರೈಲು ಹಿಡಿದು ಲೆಫರ್ಟ್ಸ್ ಬುಲೆವಾರ್ಡ್‌ನಲ್ಲಿ ಇಳಿದರೆ ಲಿಬರ್ಟಿ ಅವೆನ್ಯೂ, ರಿಚ್ಮಂಡ್ ಹಿಲ್. ಇಲ್ಲಿ ಅಂಗಡಿ ಇಟ್ಟವರಲ್ಲಿ ಹೆಚ್ಚಿನವರು ಗಯಾನಾದಿಂದ ಬಂದವರು. ಅವರ ಹಿರಿಯರನ್ನು ಬ್ರಿಟಿಷರು ಕಬ್ಬಿನ ತೋಟದ ಕರಾರು ಕೂಲಿಗಳಾಗಿ ಕಲ್ಕತ್ತಾದಿಂದ ಹಡಗಿನಲ್ಲಿ ಸಾಗಿಸಿದ್ದರು. ಮೊದಲ ಹಡಗುಗಳು ಗಯಾನಾ ತಲುಪಿದ್ದು 1838ರಲ್ಲಿ, ಆ ಪದ್ಧತಿ ನಿಂತದ್ದು 1917ರಲ್ಲಿ. ಈಗಿನವರಲ್ಲಿ ಬಹಳ ಮಂದಿಗೆ ಹಿಂದಿಯಾಗಲಿ ಭೋಜಪುರಿಯಾಗಲಿ ಬರುವುದಿಲ್ಲ, ಇಂಗ್ಲಿಷಿನಲ್ಲೇ ಮಾತು. ಆದರೆ ತರಕಾರಿ ಪೆಟ್ಟಿಗೆಯ ಮೇಲೆ ನೋಡಿ. ನುಗ್ಗೆಕಾಯಿಗೆ ‘ಸೈಜನ್’, ಅವರೆಕಾಯಿಗೆ ‘ಸೇಮ್’, ಹಾಗಲಕ್ಕೆ ‘ಕರೈಲಾ’, ಅಲಸಂದೆಗೆ ‘ಬೋರಾ’. ಐದಾರು ತಲೆಮಾರು ಕಳೆದು ಮಾತು ಹೋದರೂ ತರಕಾರಿಯ ಹೆಸರು ಉಳಿದಿದೆ. ಅಲ್ಲಿ ಗಲ್ಲಾದ ಹಿಂದೆ ಕೂತ ಹಿರಿಯರೊಬ್ಬರು ‘ನಿಮ್ಮ ಊರಲ್ಲಿ ಇದಕ್ಕೆ ಏನಂತಾರೆ?’ ಅಂತ ನನ್ನನ್ನು ಕೇಳಿದರು. ‘ನುಗ್ಗೆ’ ಅಂದೆ. ಎರಡು ಸಲ ಹೇಳಿ ನೋಡಿ ನಕ್ಕರು. ಈಗ ನಾನು ಹೋದಾಗಲೆಲ್ಲ ‘ನುಗ್ಗೆ ಬಂದಿದೆ’ ಅಂತ ಕೂಗುತ್ತಾರೆ.

ಒಂದು ಸಣ್ಣ ಉಪಾಯ: ಫೋನಿನಲ್ಲಿ ತರಕಾರಿಯ ಚಿತ್ರ ಇಟ್ಟುಕೊಳ್ಳಿ. ತೋರಿಸಿ, ಅವರ ಬಾಯಲ್ಲಿ ಹೆಸರು ಹೇಳಿಸಿ, ಕನ್ನಡದಲ್ಲಿ ಬರೆದುಕೊಳ್ಳಿ. ನನ್ನ ಪಟ್ಟಿಯಲ್ಲಿ ಈಗ ಅರವತ್ತು ಹೆಸರು ದಾಟಿವೆ.

ಮೂರನೆಯದು: ಕರೆಯುವ ರೀತಿ

‘ಎಕ್ಸ್‌ಕ್ಯೂಸ್ ಮಿ’ ಅನ್ನುವುದರಲ್ಲಿ ತಪ್ಪಿಲ್ಲ. ಆದರೆ ನಮ್ಮ ಊರಿನಲ್ಲಿ ಅಂಗಡಿಯವರನ್ನು ‘ಅಣ್ಣಾ’, ‘ಅಮ್ಮಾ’ ಅನ್ನುವುದಿಲ್ಲವೇ, ಇಲ್ಲೂ ಹಾಗೆಯೇ. ಬಾಂಗ್ಲಾದೇಶಿಗಳಿಗೆ ‘ಭಾಯ್’, ಹಿರಿಯರಿಗೆ ‘ಚಾಚಾ’, ಹೆಂಗಸರಿಗೆ ‘ಆಪಾ’. ನೇಪಾಳಿಗಳಿಗೆ ‘ದಾಯಿ’, ‘ದಿದಿ’. ಗುಜರಾತಿಗಳಿಗೆ ‘ಭಾಯ್’, ‘ಬೆನ್’. ಸ್ಪ್ಯಾನಿಷ್ ಮಾತಾಡುವವರಿಗೆ ‘ಬ್ವೆನಾಸ್’ ಅಂತ ಹೇಳಿ ಒಳಗೆ ಹೋಗಿ. ಅಲ್ಲಿ ನಮಸ್ಕಾರ ಹೇಳದೆ ಸೀದಾ ಬೆಲೆ ಕೇಳಿದರೆ ಒರಟು ಅನ್ನಿಸುತ್ತದೆ. ಹೊರಡುವಾಗ ‘ಗ್ರಾಸಿಯಾಸ್’.

ಹಬ್ಬ ನೆನಪಿಡಿ. ರಂಜಾನ್ ತಿಂಗಳಲ್ಲಿ ಸಂಜೆ ಇಫ್ತಾರ್ ಹೊತ್ತಿಗೆ 73ನೇ ಬೀದಿಗೆ ಹೋಗಿ ಸಾಮಾನು ತೂಗಿಸಬೇಡಿ. ದಿನವಿಡೀ ಉಪವಾಸ ಇದ್ದವರು ಖರ್ಜೂರ ಬಾಯಿಗಿಡುವ ಹೊತ್ತು ಅದು. ಹತ್ತು ನಿಮಿಷ ಕಾಯಿರಿ. ಕಾಯುತ್ತ ನಿಂತರೆ ನಿಮಗೂ ಒಂದು ತಟ್ಟೆ ಬರುತ್ತದೆ, ಮುರಿಗೆ ಕಡಲೆ ಕಲಸಿದ್ದು. ನಮ್ಮ ಮಂಡಕ್ಕಿ ಉಸಲಿಗೆ ಬಹಳ ಹತ್ತಿರದ ರುಚಿ.

ನಾಲ್ಕನೆಯದು: ತೂಕ, ದುಡ್ಡು, ಚೀಲ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಬೆಲೆ ಪೌಂಡಿನ ಲೆಕ್ಕ. ಒಂದು ಪೌಂಡ್ ಅಂದರೆ 454 ಗ್ರಾಂ. ಅರ್ಧ ಕಿಲೋಗಿಂತ ಸ್ವಲ್ಪ ಕಡಿಮೆ ಅಂತ ಇಟ್ಟುಕೊಳ್ಳಿ. ಸೊಪ್ಪು ಕಟ್ಟಿನ ಲೆಕ್ಕ. ಅಡುಗೆ ಮಾಡದ ಸಾಮಾನಿಗೆ ನ್ಯೂಯಾರ್ಕಿನಲ್ಲಿ ಸಾಮಾನ್ಯವಾಗಿ ಮಾರಾಟ ತೆರಿಗೆ ಇಲ್ಲ, ಬಿಸಿ ಸಮೋಸಾಕ್ಕೆ ಇದೆ. ಚಿಕ್ಕ ಅಂಗಡಿಗಳಲ್ಲಿ ಕಾರ್ಡಿಗೆ ಕನಿಷ್ಠ ಇಷ್ಟು ಡಾಲರ್ ಅಂತ ಬರೆದಿರುತ್ತಾರೆ. ಕಾರ್ಡ್ ಉಜ್ಜಿದಾಗಲೆಲ್ಲ ಅವರ ಲಾಭದಲ್ಲಿ ಒಂದು ಪಾಲು ಹೋಗುತ್ತದೆ, ಅದಕ್ಕೇ. ಇಪ್ಪತ್ತು ಡಾಲರ್ ನಗದು ಇಟ್ಟುಕೊಂಡೇ ಹೋಗಿ, ಚಿಲ್ಲರೆಯಾಗಿ.

ಪ್ಲಾಸ್ಟಿಕ್ ಚೀಲಕ್ಕೆ 2020ರಿಂದ ನ್ಯೂಯಾರ್ಕ್ ರಾಜ್ಯದಲ್ಲಿ ನಿಷೇಧ ಇದೆ. ಕಾಗದದ ಚೀಲಕ್ಕೆ 5 ಸೆಂಟ್. ಮನೆಯಿಂದ ಬಟ್ಟೆ ಚೀಲ ಒಯ್ಯಿರಿ. ಹತ್ತು ಕಿಲೋ ಅಕ್ಕಿ ತರುವುದಿದ್ದರೆ ಎರಡು ಚಕ್ರದ ತಳ್ಳುಗಾಡಿ ಕೊಂಡುಬಿಡಿ, ಸಬ್‌ವೇ ಮೆಟ್ಟಿಲು ಹತ್ತುವಾಗ ನನ್ನ ಮಾತು ನೆನಪಾಗುತ್ತದೆ.

ತಾರೀಕು ನೋಡುವುದನ್ನು ಮರೆಯಬೇಡಿ. ಒಂದು ಅಂಗಡಿಯಲ್ಲಿ ನಾನು ತಂದ ಚಿರೋಟಿ ರವೆಯಲ್ಲಿ ಹುಳು ಇತ್ತು. ತಾರೀಕು ಮುಗಿದು ಎರಡು ತಿಂಗಳಾಗಿತ್ತು. ವಾಪಸ್ ಒಯ್ದಾಗ ಮಾತಿಲ್ಲದೆ ಬದಲಿಸಿಕೊಟ್ಟರು. ನಮ್ಮ ಕಡೆಯ ಸಾಮಾನು ಖರ್ಚಾಗುವುದು ನಿಧಾನ, ಹಾಗಾಗಿ ಕಪಾಟಿನ ಮೂಲೆಯಲ್ಲಿ ಹಳೆಯದು ಉಳಿಯುತ್ತದೆ. ರವೆ, ಹಿಟ್ಟು, ಬೇಳೆ ತಂದ ಕೂಡಲೇ ಮೂರು ನಾಲ್ಕು ದಿನ ಫ್ರೀಜರ್‌ನಲ್ಲಿಡಿ. ಹುಳುವಿನ ಕಾಟ ಇರುವುದಿಲ್ಲ. ತೂಕದಲ್ಲಿ ಅನುಮಾನ ಬಂದರೆ ತಕ್ಕಡಿಯ ಅಂಕಿ ನೋಡಲು ಕೇಳಿ, ಅದು ಗಿರಾಕಿಗೆ ಕಾಣಬೇಕು. ದೂರು ಕೊಡಲೇಬೇಕಾದರೆ ನಗರದ 311 ನಂಬರ್ ಇದೆ.

ಐದನೆಯದು: ಲಾರಿಯ ದಿನ ಮತ್ತು ಕೊಸರು

ಯಾವ ದಿನ ತರಕಾರಿ ಲಾರಿ ಬರುತ್ತದೆ ಅಂತ ಕೇಳಿ ತಿಳಿದುಕೊಳ್ಳಿ. ಈ ಊರಿನ ತರಕಾರಿಯ ದೊಡ್ಡ ಸಗಟು ಪೇಟೆ ಬ್ರಾಂಕ್ಸ್‌ನ ಹಂಟ್ಸ್ ಪಾಯಿಂಟ್. 1967ರಲ್ಲಿ ಅಲ್ಲಿ ಶುರುವಾಯಿತು. ವ್ಯಾಪಾರ ನಡೆಯುವುದು ಹೆಚ್ಚಾಗಿ ರಾತ್ರಿಯೇ. 1970, 80ರ ದಶಕದಲ್ಲಿ ನ್ಯೂಯಾರ್ಕಿನ ಮೂಲೆ ಮೂಲೆಯಲ್ಲಿ ಹಣ್ಣಿನ ಅಂಗಡಿ ತೆರೆದ ಕೊರಿಯನ್ ಕುಟುಂಬಗಳು ಬೆಳಗಾಗುವ ಮುಂಚೆ ಅಲ್ಲಿಗೆ ಹೋಗಿ, ಒಂದೊಂದೇ ಪೆಟ್ಟಿಗೆ ಆರಿಸಿ ತರುತ್ತಿದ್ದವು. ಈಗಲೂ ಸಣ್ಣ ಅಂಗಡಿಯವರು ಹೀಗೆಯೇ ದುಡಿಯುತ್ತಾರೆ. ನೀವು ಬೆಳಗ್ಗೆ ಹತ್ತಕ್ಕೆ ಬೆಂಡೆಕಾಯಿ ಆರಿಸುವಾಗ ಅದನ್ನು ತಂದವರು ನಿದ್ದೆ ಬಿಟ್ಟು ಎಂಟು ಗಂಟೆ ಆಗಿರುತ್ತದೆ. ಅದಕ್ಕೇ ಚೌಕಾಸಿ ಮಾಡಬೇಡಿ ಅನ್ನುತ್ತೇನೆ. ಒಂದು ಪೆಟ್ಟಿಗೆ ಮಾರಿದರೆ ಅವರಿಗೆ ಉಳಿಯುವ ಲಾಭ ಬಹಳ ಕಮ್ಮಿ.

ಚೌಕಾಸಿ ಬೇಡ, ಆದರೆ ಕೊಸರು ಬೇರೆ. ಪ್ರತಿ ವಾರ ಅದೇ ದಿನ, ಅದೇ ಅಂಗಡಿಗೆ ಹೋಗಿ. ನಾಲ್ಕನೆಯ ವಾರಕ್ಕೋ ಐದನೆಯ ವಾರಕ್ಕೋ ನೋಡಿ. ತೂಗಿ ಚೀಲ ಕಟ್ಟಿದ ಮೇಲೆ ಅಂಗಡಿಯಾತ ಕೈ ಚಾಚಿ ನಾಲ್ಕು ಹಸಿಮೆಣಸಿನಕಾಯಿ, ಎರಡು ಎಳೆ ಕೊತ್ತಂಬರಿ ಮೇಲಿಂದ ಹಾಕುತ್ತಾನೆ. ಮುಖ ನೋಡುವುದಿಲ್ಲ, ಏನೂ ಹೇಳುವುದಿಲ್ಲ. ನಮ್ಮ ಸಂತೆಯ ಕೊಸರು ಅದು. ಬಂಗಾಳಿಯಲ್ಲಿ ಅದಕ್ಕೆ ‘ಫಾವ್’ ಅನ್ನುತ್ತಾರೆ. ರೂಸ್‌ವೆಲ್ಟ್ ಅವೆನ್ಯೂದಲ್ಲಿ ಹಣ್ಣು ಮಾರುವ ಎಕ್ವಡಾರಿನ ಹೆಂಗಸು ಒಂದು ನಿಂಬೆ ಜಾಸ್ತಿ ಹಾಕಿ ‘ಯಾಪಾ’ ಅಂದಳು. ಅವಳ ಊರಿನ ಬೆಟ್ಟದ ಜನರ ಕೆಚುವಾ ಭಾಷೆಯಿಂದ ಬಂದ ಮಾತಂತೆ. ಅವಳಿಗೆ ‘ಕೊಸರು’ ಹೇಳಿಕೊಟ್ಟೆ. ‘ರು’ ಅನ್ನುವಾಗ ಅವಳ ನಾಲಿಗೆ ಸೊಗಸಾಗಿ ಹೊರಳುತ್ತದೆ.

ಕೊಸರನ್ನು ಕೇಳಬಾರದು. ತಾನಾಗಿ ಬರಬೇಕು. ಬಂದ ದಿನ ನೀವು ಆ ಅಂಗಡಿಯ ಕಾಯಂ ಗಿರಾಕಿ.

ಆರನೆಯದು: ನಿಮಗೆ ಬೇಕಾದ್ದನ್ನು ತರಿಸಿಕೊಳ್ಳಿ

ಕಾಯಂ ಗಿರಾಕಿ ಆದ ಮೇಲೆ ಮಾತ್ರ ಈ ಹೆಜ್ಜೆ. ‘ರಾಗಿ ಹಿಟ್ಟು ಯಾಕೆ ಇಡೋದಿಲ್ಲ?’ ಅಂತ ಸುಮ್ನೆ ಗೊಣಗಿದರೆ ಆಗುವುದಿಲ್ಲ. ಸಗಟಿನವರು ಸಣ್ಣ ಅಂಗಡಿಗೆ ಒಂದೆರಡು ಪೊಟ್ಟಣ ಕೊಡುವುದಿಲ್ಲ, ಇಡೀ ಪೆಟ್ಟಿಗೆ ಎತ್ತಬೇಕು. ಹತ್ತು ಪೊಟ್ಟಣದಲ್ಲಿ ಎರಡು ಮಾರಿ ಎಂಟು ಉಳಿದರೆ ಅಂಗಡಿಯವರಿಗೆ ನಷ್ಟ. ಅವರ ಹೆದರಿಕೆ ಅದು.

ನಾವು ಐದು ಕನ್ನಡ ಮನೆಯವರು ಸೇರಿ ಹೀಗೆ ಮಾಡಿದೆವು. ಖಾಲಿ ಪೊಟ್ಟಣ ಒಯ್ದು ತೋರಿಸಿದೆವು, ಹೆಸರು ತಪ್ಪಬಾರದಲ್ಲ. ‘ಒಂದು ಪೆಟ್ಟಿಗೆ ತರಿಸಿ, ಅರ್ಧ ನಾವೇ ಒಯ್ಯುತ್ತೇವೆ’ ಅಂದೆವು. ಬಂದ ದಿನವೇ ಹೋಗಿ ಒಯ್ದೆವು. ಉಳಿದ ಅರ್ಧ ಎರಡು ವಾರದಲ್ಲಿ ಖಾಲಿ. ನಮಗೆ ಗೊತ್ತೇ ಇಲ್ಲದ ಕನ್ನಡದವರು, ತೆಲುಗಿನವರು ಕೊಂಡಿದ್ದರು. ಈಗ ಆ ಅಂಗಡಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ, ರಾಗಿ ಹಿಟ್ಟು, ಅಕ್ಕಿ ತರಿ ಮೂರೂ ಇವೆ. ಹೇಳಿದ ಮೇಲೆ ಕೊಳ್ಳಲೇಬೇಕು, ಇದನ್ನು ಮಾತ್ರ ತಪ್ಪಿಸಬೇಡಿ.

ಏನು ಮಾಡಿದರೂ ಬಾರದ ಸಾಮಾನೂ ಇದೆ. ಭಾರತದಿಂದ ಹಸಿ ಕರಿಬೇವು ತರುವಂತಿಲ್ಲ. ನಿಂಬೆ, ಕಿತ್ತಳೆ ತೋಟಗಳನ್ನು ಹಾಳುಮಾಡುವ ಒಂದು ರೋಗವನ್ನು ಹರಡುವ ಕೀಟ ಕರಿಬೇವಿನ ಎಲೆಯ ಮೇಲೂ ಬದುಕುತ್ತದೆ, ಅದಕ್ಕೆ ಈ ಕಾನೂನು. ಸೂಟ್‌ಕೇಸಿನಲ್ಲಿ ಬಚ್ಚಿಟ್ಟು ತರುವ ಕೆಲಸ ಬೇಡ. ಇಲ್ಲೇ ಬೆಳೆದದ್ದು ಅಂಗಡಿಯಲ್ಲಿ ಚಿಕ್ಕ ಪೊಟ್ಟಣದಲ್ಲಿ ಸಿಗುತ್ತದೆ. ಮಾವಿನಹಣ್ಣಿಗೂ ಹೀಗೇ ಕಟ್ಟಳೆ ಇತ್ತು. 2007ರಿಂದ, ವಿಕಿರಣ ಹಾಯಿಸಿ ಕೀಟ ಕೊಂದ ಹಣ್ಣು ಬರುತ್ತಿದೆ. ಆಪೂಸ್ ಪೆಟ್ಟಿಗೆ, ಅಂದರೆ ನಮ್ಮ ಬಾದಾಮಿ, ತುಂಬ ದುಬಾರಿ. ಹಬ್ಬಕ್ಕೆ ಒಂದು ಸಲ ತನ್ನಿ. ಉಳಿದ ದಿನ ಸೀಕರಣೆಗೆ ಮೆಕ್ಸಿಕೋದ ಹಳದಿ ‘ಅಟಾವುಲ್ಫೋ’ ಹಣ್ಣು ಸಾಕು. ತೊಗಟೆ ಸುಕ್ಕುಗಟ್ಟುವವರೆಗೆ ಕಾದು ಕೊಯ್ಯಿರಿ.

ಏಳನೆಯದು: ಅಂಗಡಿಯ ಜೊತೆ ನಿಲ್ಲಿ

ಈ ಅಂಗಡಿಗಳ ಬಾಗಿಲಿನ ಗಾಜು ಓದಿ. ‘ಒಂದು ಕೋಣೆ ಬಾಡಿಗೆಗೆ’, ‘ಚಾಲಕರು ಬೇಕಾಗಿದ್ದಾರೆ’, ‘ಮಕ್ಕಳಿಗೆ ಕುರಾನ್ ಪಾಠ’, ‘ಭರತನಾಟ್ಯ ತರಗತಿ’, ಕನ್ನಡ ಕೂಟದ ಯುಗಾದಿ ಕಾರ್ಯಕ್ರಮ. ಇಂಗ್ಲಿಷ್ ಬಾರದವರು ಆಸ್ಪತ್ರೆಯ ಪತ್ರ ತಂದು ಗಲ್ಲಾದವರ ಹತ್ತಿರ ಓದಿಸಿಕೊಳ್ಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಊರಿಂದ ಬಂದ ಹುಡುಗನಿಗೆ ಮೊದಲ ಕೆಲಸ ಸಿಗುವುದೂ, ಒಂಟಿ ಮುದುಕರು ಎರಡು ದಿನ ಕಾಣದಿದ್ದರೆ ‘ಏನಾಯಿತು?’ ಅಂತ ವಿಚಾರಿಸುವುದೂ ಇಲ್ಲಿಂದಲೇ. ನಮ್ಮ ಮನೆ ಬಾಡಿಗೆಯ ಸುಳಿವು ಸಿಕ್ಕಿದ್ದೂ ಇಂಥ ಒಂದು ಗಾಜಿನ ಮೇಲೆ.

2020ರ ವಸಂತದಲ್ಲಿ ಕೊರೊನಾ ರೋಗ ಜಾಕ್ಸನ್ ಹೈಟ್ಸ್, ಎಲ್ಮ್‌ಹರ್ಸ್ಟ್, ಕರೋನಾ ಎಂಬ ಬಡಾವಣೆಗಳನ್ನು ಈ ಊರಿನಲ್ಲೇ ಅತಿ ಕೆಟ್ಟದಾಗಿ ಬಡಿಯಿತು. ರಾತ್ರಿ ಹಗಲು ಆಂಬುಲೆನ್ಸ್ ಸದ್ದು. ಆಗ ಮುಖಗವಸು ಕಟ್ಟಿಕೊಂಡು ಬಾಗಿಲು ತೆರೆದವರು ಈ ಅಂಗಡಿಯವರು. ನಮ್ಮ ಕಟ್ಟಡದ ಕೆಳಗೆ ಅಕ್ಕಿ, ಬೇಳೆಯ ಚೀಲ ಇಟ್ಟು, ಫೋನ್ ಮಾಡಿ, ನಾವು ಬರುವ ಮುಂಚೆ ಹೋಗಿಬಿಡುತ್ತಿದ್ದರು. ದುಡ್ಡು ಆಮೇಲೆ.

ಅಂಗಡಿಯವರಿಗೇ ಕಷ್ಟ ಬಂದ ದಿನವೂ ಇದೆ. ನ್ಯೂಯಾರ್ಕಿನ ಮೂಲೆ ಅಂಗಡಿಗಳನ್ನು ‘ಬೊಡೇಗಾ’ ಅನ್ನುತ್ತಾರೆ. ಬಹಳಷ್ಟನ್ನು ಈಗ ಯೆಮೆನ್ ದೇಶದವರು ನಡೆಸುತ್ತಾರೆ. 2017ರಲ್ಲಿ ಯೆಮೆನ್ ಸೇರಿ ಏಳು ದೇಶದವರು ಅಮೆರಿಕಕ್ಕೆ ಬರಬಾರದು ಅಂತ ಆದೇಶ ಬಂದಾಗ, ಫೆಬ್ರವರಿ 2ರ ಮಧ್ಯಾಹ್ನ ಸುಮಾರು ಸಾವಿರ ಬೊಡೇಗಾಗಳು ಶಟರ್ ಎಳೆದವು. ಅಂಗಡಿಯವರು ಬ್ರೂಕ್ಲಿನ್‌ನ ಆಡಳಿತ ಕಚೇರಿ ಬರೋ ಹಾಲ್ ಮುಂದೆ ಸೇರಿ ಅಲ್ಲೇ ನಮಾಜು ಮಾಡಿದರು. ರಾತ್ರಿ ಎರಡಕ್ಕೂ ದೀಪ ಉರಿಯುವ ಅಂಗಡಿಗಳು ಅವು. ಅವರ ಜೊತೆ ನಿಲ್ಲಲು ಬಂದವರಲ್ಲಿ ಅವರ ಗಿರಾಕಿಗಳೂ ಇದ್ದರು.

ನಾವು ಏನು ಮಾಡಬಹುದು ಅಂದರೆ, ಮೊದಲನೆಯದಾಗಿ ಗಾಬರಿ ಬಿದ್ದು ಕೊಳ್ಳಬಾರದು. 2023ರ ಜುಲೈ 20ರಂದು ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಸುದ್ದಿ ಬಂದದ್ದೇ ತಡ, ಅಮೆರಿಕದ ಭಾರತೀಯ ಅಂಗಡಿಗಳ ಮುಂದೆ ಸೋನಾ ಮಸೂರಿಗೆ ಸಾಲು. ಮನೆಗೆ ಒಂದೇ ಮೂಟೆ ಅಂತ ಹಲವು ಕಡೆ ಚೀಟಿ ಅಂಟಿಸಬೇಕಾಯಿತು. ನಾನೂ ಸಾಲಿನಲ್ಲಿದ್ದೆ. ನನ್ನ ಮುಂದಿನವರು ಹೆಂಡತಿ, ಅತ್ತೆ, ಮಗ ಮೂವರನ್ನೂ ಬೇರೆ ಬೇರೆ ನಿಲ್ಲಿಸಿ ಮೂರು ಮೂಟೆ ಒಯ್ದರು. ನಮ್ಮ ಬೀದಿಯ ಇಬ್ಬರು ವಿದ್ಯಾರ್ಥಿಗಳಿಗೆ ಆ ದಿನ ಅಕ್ಕಿ ಸಿಗಲಿಲ್ಲ. ನನ್ನ ಮೂಟೆಯಲ್ಲಿ ಅರ್ಧ ಅವರಿಗೆ ಕೊಟ್ಟೆ. 2024ರ ಸೆಪ್ಟೆಂಬರ್ ಕೊನೆಗೆ ನಿಷೇಧ ಎತ್ತಿದರು. ಅಲ್ಲಿಯವರೆಗೂ ಅಕ್ಕಿ ಪೂರ್ತಿ ತಪ್ಪಲೇ ಇಲ್ಲ, ಬೆಲೆ ಏರಿತು ಅಷ್ಟೇ.

ಎರಡನೆಯದು, ಮನೆಗೇ ತಂದುಕೊಡುವ ಆ್ಯಪ್‌ನಲ್ಲಿ ಎರಡು ಡಾಲರ್ ಕಡಿಮೆ ಅಂತ ಪೂರ್ತಿ ಅತ್ತ ಹೋಗಬೇಡಿ. ಮಳೆ ಹಿಮ ಇದ್ದಾಗ ತರಿಸಿಕೊಳ್ಳಿ, ನಾನೂ ತರಿಸುತ್ತೇನೆ. ವಾರಕ್ಕೊಂದು ಸಲವಾದರೂ ನಡೆದು ಹೋಗಿ. ಮಕ್ಕಳನ್ನು ಕರೆದುಕೊಂಡು ಹೋಗಿ. ನನ್ನ ಮಗಳಿಗೆ ಹೀರೇಕಾಯಿಗೆ ನಾಲ್ಕು ಭಾಷೆಯಲ್ಲಿ ಹೆಸರು ಗೊತ್ತು.

ಕೊನೆಯದಾಗಿ, ಬಸಳೆ

ಪುಯಿ ಶಾಕ್ ತಂದ ದಿನ ದಪ್ಪ ದಂಟುಗಳನ್ನೆಲ್ಲ ಹುಳಿಗೆ ಹಾಕಿಬಿಡಬೇಡಿ. ಎರಡು ಗೇಣು ಉದ್ದದ ನಾಲ್ಕು ದಂಟು ಆರಿಸಿ, ಕೆಳಗಿನ ಎಲೆ ಕಿತ್ತು, ನೀರಿರುವ ಲೋಟದಲ್ಲಿ ಕಿಟಕಿಯ ಹತ್ತಿರ ಇಡಿ. ನೀರು ಎರಡು ದಿನಕ್ಕೊಮ್ಮೆ ಬದಲಿಸಿ. ಒಂದೆರಡು ವಾರದಲ್ಲಿ ಗೆಣ್ಣಿನಿಂದ ಬಿಳಿ ಬೇರು ಬರುತ್ತದೆ. ಮೇ ಕೊನೆಗೆ, ರಾತ್ರಿಯ ಚಳಿ ಹೋದ ಮೇಲೆ, ದೊಡ್ಡ ಕುಂಡಕ್ಕೆ ಹಾಕಿ ಹಗ್ಗ ಕಟ್ಟಿ. ಆಗಸ್ಟ್ ಹೊತ್ತಿಗೆ ಕೊಯ್ದಷ್ಟೂ ಬರುತ್ತದೆ. ಕ್ವೀನ್ಸ್‌ನ ಬಾಂಗ್ಲಾದೇಶಿ ಮನೆಗಳ ಅಂಗಳದಲ್ಲಿ ಸೋರೆ, ಬಸಳೆಯ ಚಪ್ಪರ ನೋಡಿದ್ದೀರಲ್ಲ, ಅವೂ ಹೀಗೇ ಶುರುವಾದವು. ನೀರು ಹೆಪ್ಪುಗಟ್ಟುವಷ್ಟು ಚಳಿ ಬಿದ್ದ ಮೊದಲ ರಾತ್ರಿಯೇ ಬಳ್ಳಿ ಕಪ್ಪಾಗಿ ಸತ್ತುಹೋಗುತ್ತದೆ, ಅದಕ್ಕೂ ಮುಂಚೆ ಕೊಯ್ದು ಮುಗಿಸಿ.

ಹೋದ ಆಗಸ್ಟ್‌ನಲ್ಲಿ ನಮ್ಮ ಬಳ್ಳಿ ತುಂಬ ಹಬ್ಬಿತ್ತು. ಎರಡು ಕಟ್ಟು ಕೊಯ್ದು 73ನೇ ಬೀದಿಯ ಅದೇ ಅಂಗಡಿಗೆ ಒಯ್ದೆ. ‘ಭಾಯ್, ನಿಮ್ಮ ಪುಯಿಯದೇ ಮಗು’ ಅಂದೆ. ಅವರು ಎಲೆ ಮುರಿದು ಬೆರಳಿಗೆ ಅಂಟಿದ ಲೋಳೆ ನೋಡಿದರು. ‘ಇದನ್ನು ಮಾರುವುದಿಲ್ಲ ಆಪಾ, ಇವತ್ತು ಮನೆಗೆ’ ಅಂತ ಗಲ್ಲಾದ ಕೆಳಗೆ ತೆಗೆದಿಟ್ಟುಕೊಂಡರು. ನನ್ನ ಚೀಲಕ್ಕೆ ಹಿಡಿ ಹಸಿಮೆಣಸು ಬಿತ್ತು.